ಕಾಫಿ ಇಪ್ಪತ್ತು ಡಾಲರ್, ಸುದ್ದಿ ಗೋಡೆಕಾಗದದ ಮೇಲೆ

ನಮ್ಮ ಸಂಘದ ಸದಸ್ಯರಲ್ಲಿ ಲುರೇ ಗುಹೆಗಳನ್ನು ನೋಡದವರು ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ ಬಿಡಿ. ಊರಿಂದ ಅಪ್ಪ-ಅಮ್ಮ ಬಂದರೆಂದರೆ ಮೊದಲ ವಾರಾಂತ್ಯ ನಯಾಗರ, ಎರಡನೆಯದು ನ್ಯೂಯಾರ್ಕ್, ಮೂರನೆಯದು ಲುರೇ ಮತ್ತು ಸ್ಕೈಲೈನ್ ಡ್ರೈವ್. ನಮ್ಮೆಲ್ಲರ ಟೈಮ್‌ಟೇಬಲ್ಲೂ ಅದೇ. ಹಾಗೆ ಹೋಗುವಾಗ ಐ-81 ಹೆದ್ದಾರಿಯ ಪಕ್ಕದಲ್ಲಿ ಕಂದು ಬಣ್ಣದ ಫಲಕಗಳು ಒಂದರ ಹಿಂದೊಂದು ಬರುತ್ತವೆ. ಇಲ್ಲೊಂದು ಕದನ ನಡೆಯಿತು, ಅಲ್ಲಿ ಇಂಥ ಜನರಲ್ ಬಿಡಾರ ಹೂಡಿದ್ದ, ಇತ್ಯಾದಿ. ಹಿಂದಿನ ಸೀಟಿನಿಂದ "ಯಾವ ಯುದ್ಧ ಇದು? ಬ್ರಿಟಿಷರ ಜೊತೆಗಾ?" ಅಂತ ಪ್ರಶ್ನೆ ಬರುತ್ತದೆ. "ಅಲ್ಲಪ್ಪ, ಇವರಿವರೇ ಹೊಡೆದಾಡಿಕೊಂಡದ್ದು" ಅಂತ ನಾವು ಉತ್ತರ ಕೊಟ್ಟು, ಮುಂದಿನ ಎಕ್ಸಿಟ್‌ನಲ್ಲಿ ಕಾಫಿ ಸಿಗುತ್ತದಾ ಅಂತ ಹುಡುಕಲು ಶುರು ಮಾಡುತ್ತೇವೆ.

1861ರ ಏಪ್ರಿಲ್‌ನಿಂದ 1865ರ ವಸಂತದವರೆಗೆ ನಾಲ್ಕು ವರ್ಷ ನಡೆದ ಅಮೆರಿಕದ ಅಂತರ್ಯುದ್ಧದ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಸತ್ತವರು ಆರು ಲಕ್ಷಕ್ಕೂ ಮೇಲೆ. ಈಚಿನ ಅಂದಾಜುಗಳು ಏಳೂವರೆ ಲಕ್ಷದವರೆಗೂ ಹೋಗುತ್ತವೆ. ಯಾವ ಬೆಟ್ಟದ ಮೇಲೆ ಯಾವ ರೆಜಿಮೆಂಟ್ ಎಷ್ಟು ಗಂಟೆಗೆ ಹತ್ತಿತು ಎಂಬುದನ್ನು ನಿಮಿಷದ ಲೆಕ್ಕದಲ್ಲಿ ಹೇಳುವ ಮಹನೀಯರಿದ್ದಾರೆ. ನನಗೆ ಕುತೂಹಲ ಬೇರೆಯದು. ಆ ಬೆಟ್ಟದ ಈಚೆ ಇದ್ದ ಊರಿನಲ್ಲಿ ಆ ದಿನ ಏನು ಅಡಿಗೆ ಮಾಡಿದ್ದರು? ಉಪ್ಪು ಎಲ್ಲಿಂದ ತಂದರು? ಮಗ ಬದುಕಿದ್ದಾನೋ ಇಲ್ಲವೋ ಎಂದು ತಿಳಿಯುವುದಕ್ಕೆ ಎಲ್ಲಿಗೆ ಹೋಗಿ ನಿಂತರು? ಇದಕ್ಕೆಲ್ಲ ಉತ್ತರ ಸಿಗುವುದು ಆ ಕಾಲದ ಸ್ಥಳೀಯ ಪತ್ರಿಕೆಗಳಲ್ಲಿ. ಅದರಲ್ಲೂ ಮುಖ್ಯ ಸುದ್ದಿಗಳಲ್ಲಿ ಅಲ್ಲ, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಬಿದ್ದಿರುವ ಜಾಹೀರಾತು, ಬೆಲೆಪಟ್ಟಿ, ತಿಳಿವಳಿಕೆ ಪತ್ರಗಳಲ್ಲಿ. ನಮ್ಮ ಉದ್ಯೋಗದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಿಸ್ಟಮ್ ಮಧ್ಯರಾತ್ರಿ ಮಗುಚಿ ಬಿದ್ದರೆ ಮ್ಯಾನೇಜರ್ ಕಳಿಸುವ ಸ್ಟೇಟಸ್ ಇ-ಮೇಲ್ ಓದಿ ಪ್ರಯೋಜನವಿಲ್ಲ, ಲಾಗ್ ಫೈಲ್ ತೆಗೆಯಬೇಕು. ಸಂಪಾದಕೀಯವೆಂದರೆ ಸ್ಟೇಟಸ್ ಇ-ಮೇಲ್, ಜಾಹೀರಾತು ಅಂದರೆ ಲಾಗ್ ಫೈಲ್.

ಐ-81ರಲ್ಲೇ ಇರುವ ಎರಡು ಊರುಗಳನ್ನು ತೆಗೆದುಕೊಳ್ಳೋಣ. ಒಂದು ವರ್ಜೀನಿಯಾದ ಸ್ಟಾಂಟನ್, ಇನ್ನೊಂದು ಪೆನ್ಸಿಲ್ವೇನಿಯಾದ ಚೇಂಬರ್ಸ್‌ಬರ್ಗ್. ಇಂದು ಕಾರಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಎರಡೂ ಒಂದೇ ಕಣಿವೆಯಲ್ಲಿವೆ, ಎರಡೂ ಕಡೆ ಗೋಧಿ ಬೆಳೆಯುವ ರೈತರು, ಎರಡೂ ಕಡೆ ಅದೇ ಸ್ಕಾಟಿಷ್-ಐರಿಷ್, ಜರ್ಮನ್ ಮೂಲದ ಮನೆತನಗಳು, ಅದೇ ಬಗೆಯ ಚರ್ಚುಗಳು. ದೊಡ್ಡ ವ್ಯತ್ಯಾಸ ಒಂದೇ. ಸ್ಟಾಂಟನ್ ಇರುವ ಆಗಸ್ಟಾ ಕೌಂಟಿಯಲ್ಲಿ 1860ರ ಜನಗಣತಿಯ ಪ್ರಕಾರ ಐದು ಸಾವಿರಕ್ಕೂ ಹೆಚ್ಚು ಗುಲಾಮರಿದ್ದರು. ಚೇಂಬರ್ಸ್‌ಬರ್ಗ್ ಇರುವ ಫ್ರಾಂಕ್ಲಿನ್ ಕೌಂಟಿಯಲ್ಲಿ ಗುಲಾಮಗಿರಿ ಇರಲಿಲ್ಲ. ಅಲ್ಲಿ ಸಾವಿರಕ್ಕೂ ಹೆಚ್ಚು ಕರಿಯರು ಸ್ವತಂತ್ರರಾಗಿ ಬದುಕಿದ್ದರು.

ಎರಡೂ ಊರುಗಳಲ್ಲಿ ಎರಡೆರಡು ವಾರಪತ್ರಿಕೆಗಳಿದ್ದವು. ಸ್ಟಾಂಟನ್‌ನಲ್ಲಿ 'ಸ್ಪೆಕ್ಟೇಟರ್' ಮತ್ತು 'ವಿಂಡಿಕೇಟರ್'. ಚೇಂಬರ್ಸ್‌ಬರ್ಗ್‌ನಲ್ಲಿ ಲಿಂಕನ್ನನ ಪಕ್ಷದ 'ಫ್ರಾಂಕ್ಲಿನ್ ರೆಪಾಸಿಟರಿ' ಮತ್ತು ಲಿಂಕನ್ನನ ಹೆಸರೆತ್ತಿದರೆ ಉರಿದುಬೀಳುತ್ತಿದ್ದ 'ವ್ಯಾಲಿ ಸ್ಪಿರಿಟ್'. ಆಗಿನ ಪತ್ರಿಕೆಗಳೆಲ್ಲ ಹೀಗೇ, ಯಾವುದೋ ಒಂದು ಪಕ್ಷದ ಬಾಲ. ನಿಷ್ಪಕ್ಷಪಾತ ಎಂಬ ಸೋಗೂ ಇರಲಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಇತಿಹಾಸಕಾರ ಎಡ್ವರ್ಡ್ ಏಯರ್ಸ್ ಮತ್ತು ಅವರ ಬಳಗ 1990ರ ದಶಕದಲ್ಲಿ ಈ ಪತ್ರಿಕೆಗಳನ್ನೆಲ್ಲ ಒಟ್ಟು ಮಾಡಿ ಕಂಪ್ಯೂಟರಿಗೆ ಏರಿಸಿದ್ದರಿಂದ ನಮ್ಮಂಥವರಿಗೂ ಮನೆಯಲ್ಲಿ ಕೂತು ಓದುವ ಭಾಗ್ಯ. ನನ್ನ ಶನಿವಾರ ರಾತ್ರಿಗಳು ಎಷ್ಟು ಇದರಲ್ಲಿ ಕರಗಿವೆಯೋ, ನನ್ನ ಹೆಂಡತಿಯನ್ನು ಕೇಳಿ.

ಪತ್ರಿಕೆ ಎಂದರೆ ಸಾಮಾನ್ಯವಾಗಿ ನಾಲ್ಕು ಪುಟ. ದೊಡ್ಡ ಹಾಳೆ, ಇರುವೆ ಸಾಲಿನಂಥ ಅಕ್ಷರ, ಚಿತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ಹೊರಗಿನ ಸುದ್ದಿಯ ಬಹುಪಾಲು ಬೇರೆ ಊರಿನ ಪತ್ರಿಕೆಗಳಿಂದ ಕತ್ತರಿಸಿ ಹಾಕಿದ್ದು (ಫಾರ್ವರ್ಡ್ ಮಾಡುವ ಚಟ ನಮ್ಮ ಕಾಲದ್ದು ಅಂದುಕೊಂಡಿದ್ದಿರಾ?). ಅದರ ನಡುವೆ ಸ್ಥಳೀಯ ಸರಕು: ಹರಾಜು, ಕಳೆದುಹೋದ ಹಸು, ಮದುವೆ, ಸಾವು, ವೈದ್ಯರ ಜಾಹೀರಾತು. 1861ರ ಏಪ್ರಿಲ್‌ನವರೆಗೆ 'ಸ್ಪೆಕ್ಟೇಟರ್' ಒಕ್ಕೂಟ ಒಡೆಯಬಾರದು ಎಂದೇ ವಾದಿಸುತ್ತಿತ್ತು. ಲಿಂಕನ್ 75,000 ಸೈನಿಕರನ್ನು ಕರೆದದ್ದೇ ತಡ, ಅದೂ ತಿರುಗಿತು, ಊರೂ ತಿರುಗಿತು.

ಆಮೇಲೆ ಜಾಹೀರಾತುಗಳ ಬಣ್ಣ ಬದಲಾಗುತ್ತಾ ಹೋಗುವುದನ್ನು ನೋಡಬೇಕು. ದಕ್ಷಿಣದವರು 1862ರ ಏಪ್ರಿಲ್‌ನಲ್ಲಿ ಕಡ್ಡಾಯ ಸೈನ್ಯ ಸೇವೆಯ ಕಾನೂನು ತಂದರು. ಅದರಲ್ಲಿ ಒಂದು ಕಿಂಡಿ ಇತ್ತು: ನಿಮ್ಮ ಬದಲು ಇನ್ನೊಬ್ಬನನ್ನು ಕಳಿಸಬಹುದು. ತಕ್ಷಣ ಪತ್ರಿಕೆಗಳಲ್ಲಿ 'ಬದಲಿ ಬೇಕಾಗಿದ್ದಾನೆ' ಎಂಬ ಜಾಹೀರಾತುಗಳು ಶುರುವಾದವು. ಮೈಕೈ ಗಟ್ಟಿ ಇರಬೇಕು, ವಯಸ್ಸು ಕಾನೂನಿನ ಮಿತಿಯ ಹೊರಗಿರಬೇಕು, ಒಳ್ಳೆಯ ಬೆಲೆ ಕೊಡಲಾಗುವುದು! ಉತ್ತರದವರು 1863ರಲ್ಲಿ ಇಂಥದ್ದೇ ಕಾನೂನು ತಂದಾಗ ಬದಲಿ ಆಳಿನ ಜೊತೆಗೆ ಇನ್ನೂ ಒಂದು ದಾರಿ ಇಟ್ಟರು: 300 ಡಾಲರ್ ಕಟ್ಟಿದರೆ ಆ ಸಲಕ್ಕೆ ಬಿಡುಗಡೆ. ಯುದ್ಧ ಶ್ರೀಮಂತರದ್ದು, ಹೊಡೆದಾಟ ಬಡವರದ್ದು ಎಂಬ ಮಾತು ಎರಡೂ ಕಡೆ ಚಾಲ್ತಿಗೆ ಬಂದದ್ದು ಸುಮ್ಮನೆ ಅಲ್ಲ. ಅದೇ ಪುಟದ ಸಂಪಾದಕೀಯದಲ್ಲಿ ಮಾತ್ರ ತಾಯ್ನಾಡಿಗೆ ಪ್ರಾಣ ಕೊಡಲು ಯುವಕರು ತುದಿಗಾಲಲ್ಲಿ ನಿಂತಿದ್ದಾರೆ ಅಂತಲೇ ಇರುತ್ತಿತ್ತು.

ಯುದ್ಧ ಶುರುವಾದ ತಿಂಗಳಲ್ಲೇ ಲಿಂಕನ್ ದಕ್ಷಿಣದ ಬಂದರುಗಳಿಗೆಲ್ಲ ದಿಗ್ಬಂಧನ ಹಾಕಿದ. ಹತ್ತಿ ಹೊರಗೆ ಹೋಗುವಂತಿಲ್ಲ, ಸಾಮಾನು ಒಳಗೆ ಬರುವಂತಿಲ್ಲ. ಒಳಗೆ ಬರದೆ ನಿಂತ ಸಾಮಾನುಗಳಲ್ಲಿ ಅತಿ ಹೆಚ್ಚು ಅಳು ತಂದದ್ದು ಯಾವುದು ಗೊತ್ತೇ? ಕಾಫಿ. ದಕ್ಷಿಣದ ಪತ್ರಿಕೆಗಳು ಕಾಫಿ ಇಲ್ಲದ ಕಾಫಿಯ ಪಾಕವಿಧಾನಗಳನ್ನು ಅಚ್ಚುಹಾಕಲು ತೊಡಗಿದವು. ರೈ ಧಾನ್ಯ ಹುರಿದು ಮಾಡಿದ ಕಾಫಿ, ಗೆಣಸನ್ನು ಚೂರು ಮಾಡಿ ಒಣಗಿಸಿ ಹುರಿದ ಕಾಫಿ, ಓಕ್ ಮರದ ಕಾಯಿಯ ಕಾಫಿ, ಬೆಂಡೆಕಾಯಿ ಬೀಜದ ಕಾಫಿ. ಪ್ರತಿಯೊಬ್ಬರದ್ದೂ ಅಸಲಿಗಿಂತ ಚೆನ್ನಾಗಿದೆ ಎಂಬ ಸರ್ಟಿಫಿಕೇಟ್ ಬೇರೆ. ಚಿಕ್ಕಮಗಳೂರು, ಕೊಡಗಿನ ಕಡೆಯ ನಮ್ಮ ಸದಸ್ಯರು ಇದನ್ನು ಓದಿ ಕಣ್ಣೊರೆಸಿಕೊಳ್ಳಬಹುದು. ಚಿಕೋರಿ ಜಾಸ್ತಿಯಾಯಿತು ಅಂತ ಜಗಳ ಆಡುವ ಜನ ನಾವು, ಬೆಂಡೆ ಬೀಜದ ಡಿಕಾಕ್ಷನ್ ಕುಡಿದು ತೋರಿಸಲಿ! ಉತ್ತರದ ಸೈನಿಕರಿಗೆ ಮಾತ್ರ ರೇಷನ್ನಿನಲ್ಲಿ ಧಾರಾಳವಾಗಿ ಕಾಫಿ ಸಿಗುತ್ತಿತ್ತು. ಕದನವಿಲ್ಲದ ದಿನಗಳಲ್ಲಿ ಕಾವಲಿನ ಸೈನಿಕರು ಸದ್ದಿಲ್ಲದೆ ವಿನಿಮಯ ನಡೆಸುತ್ತಿದ್ದರು. ಈಚೆಯಿಂದ ಕಾಫಿ, ಆಚೆಯಿಂದ ಹೊಗೆಸೊಪ್ಪು, ಜೊತೆಗೆ ಅವರ ಪತ್ರಿಕೆ ಇವರಿಗೆ, ಇವರ ಪತ್ರಿಕೆ ಅವರಿಗೆ. ಶತ್ರುವಿನ ಸ್ಥಿತಿ ತಿಳಿಯಲು ಅವನ ಊರಿನ ಪತ್ರಿಕೆಗಿಂತ ಒಳ್ಳೆಯ ಗೂಢಚಾರ ಇಲ್ಲ ಎಂದು ಜನರಲ್‌ಗಳಿಗೂ ಗೊತ್ತಿತ್ತು.

ಹೊರಗೆ ಹೋಗದೆ ನಿಂತ ಹತ್ತಿಯ ಕಥೆ ನಮ್ಮ ಊರಿಗೇ ಬಂದು ಮುಟ್ಟುತ್ತದೆ. ಲಂಕಾಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತಾಗ ಅವರ ಕಣ್ಣು ಬಿದ್ದದ್ದು ಹಿಂದುಸ್ತಾನದ ಮೇಲೆ, ಅದರಲ್ಲೂ ಧಾರವಾಡ ಜಿಲ್ಲೆಯ ಎರೆಭೂಮಿಯ ಮೇಲೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಯುತ್ತಿದ್ದರು. ಅದರ ಹೆಸರೇ 'ಧಾರವಾಡ-ಅಮೆರಿಕನ್'. 1861ರಿಂದ ನಾಲ್ಕು ವರ್ಷ ಹುಬ್ಬಳ್ಳಿ, ಗದಗಿನ ಕಡೆಯ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂತು. ಆ ಹತ್ತಿಯನ್ನು ಸಾಗಿಸಲು ಕಾರವಾರ ಬಂದರು ಬೆಳೆಸಬೇಕೆಂಬ ಒತ್ತಾಯದ ಕಾಲದಲ್ಲೇ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ವರ್ಜೀನಿಯಾದ ಹೆಂಗಸರು ಗೆಣಸಿನ ಕಾಫಿ ಕುಡಿಯುತ್ತಿದ್ದ ದಿನಗಳಲ್ಲಿ ನಮ್ಮ ಉತ್ತರ ಕರ್ನಾಟಕದ ಹತ್ತಿ ದಲಾಲರು ರೊಕ್ಕ ಎಣಿಸುತ್ತಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿ ಬೆಲೆ ಕುಸಿಯಿತು, ಮುಂಬಯಿಯ ಷೇರುಪೇಟೆಯೂ ಮುಳುಗಿತು. ಅದು ಇನ್ನೊಂದೇ ಲೇಖನವಾದೀತು, ಧಾರವಾಡದವರು ಯಾರಾದರೂ ಬರೆಯಿರಿ.

ಮತ್ತೆ ವರ್ಜೀನಿಯಾಕ್ಕೆ. ದಕ್ಷಿಣದ ರಾಜಧಾನಿ ರಿಚ್ಮಂಡ್‌ನ 'ಡಿಸ್ಪ್ಯಾಚ್' ಪತ್ರಿಕೆ 1863ರ ಜನವರಿಯಲ್ಲಿ ಒಂದು ಪುಟ್ಟ ಲೆಕ್ಕ ಪ್ರಕಟಿಸಿತು. ಒಂದು ಸಣ್ಣ ಸಂಸಾರಕ್ಕೆ ಒಂದು ವಾರದ ದಿನಸಿ, 1860ರಲ್ಲಿ ಎಷ್ಟು, ಈಗ ಎಷ್ಟು. ಹತ್ತು ಪೌಂಡ್ ಬೇಕನ್ ಒಂದೂಕಾಲು ಡಾಲರಿನಿಂದ 10 ಡಾಲರ್. ಮೂವತ್ತು ಪೌಂಡ್ ಹಿಟ್ಟು ಒಂದೂವರೆಯಿಂದ ಮೂರೂ ಮುಕ್ಕಾಲು. ಐದು ಪೌಂಡ್ ಸಕ್ಕರೆ 40 ಸೆಂಟ್‌ನಿಂದ 5 ಡಾಲರ್ 75 ಸೆಂಟ್. ಐದು ಪೌಂಡ್ ಸಾಬೂನು ಅರ್ಧ ಡಾಲರಿನಿಂದ ಐದೂವರೆ. ಉಪ್ಪು ಮತ್ತು ಮೆಣಸು ಸೇರಿ 10 ಸೆಂಟ್ ಇದ್ದದ್ದು ಎರಡೂವರೆ ಡಾಲರ್. ನಾಲ್ಕು ಪೌಂಡ್ ಕಾಫಿ, ಉಸಿರು ಬಿಗಿಹಿಡಿಯಿರಿ, 50 ಸೆಂಟ್‌ನಿಂದ 20 ಡಾಲರ್. ಒಟ್ಟು 6 ಡಾಲರ್ 55 ಸೆಂಟ್ ಇದ್ದ ವಾರದ ಖರ್ಚು 68 ಡಾಲರ್ 25 ಸೆಂಟ್. ಹತ್ತು ಪಟ್ಟಿಗೂ ಜಾಸ್ತಿ. ನಾನು ಕೂಡಿಸಿ ನೋಡಿದೆ, ಲೆಕ್ಕ ಸರಿಯಾಗಿದೆ. ಪತ್ರಿಕೆ ಇದಕ್ಕೆ ಬೈದದ್ದು ಕಾಳಸಂತೆಯವರನ್ನು. ಆದರೆ ಹೊಟ್ಟೆಯಲ್ಲಿ ಬಂಗಾರವಿಲ್ಲದೆ ನೋಟು ಅಚ್ಚುಹಾಕುತ್ತಲೇ ಹೋದ ಸರ್ಕಾರದ ಪಾಲೂ ಅದರಲ್ಲಿ ಇತ್ತಲ್ಲ? ಆ ಮಾತು ಅಲ್ಲಿ ಇಲ್ಲ.

ಈ ಬೆಲೆಪಟ್ಟಿ ಬಂದು ಎರಡು ತಿಂಗಳಾದ ಮೇಲೆ, 1863ರ ಏಪ್ರಿಲ್ 2ರಂದು, ರಿಚ್ಮಂಡ್‌ನ ಹೆಂಗಸರು ಬೀದಿಗಿಳಿದರು. ಮೊದಲು ಗವರ್ನರನ ಬಳಿ ಹೋದರು. ಅಲ್ಲಿ ಸಮಾಧಾನ ಸಿಗಲಿಲ್ಲ. ಗುಂಪು ಬೆಳೆಯುತ್ತಾ ಅಂಗಡಿ ಬೀದಿಗೆ ನಡೆಯಿತು. ಕೆಲವರ ಕೈಯಲ್ಲಿ ಕೊಡಲಿ, ಚಾಕು. ಹಿಟ್ಟು, ಬೇಕನ್ನು ಎತ್ತಿದರು, ಬಟ್ಟೆ, ಬೂಟು ಕೂಡ ಎತ್ತಿದರು. ಕೊನೆಗೆ ಸೈನಿಕರನ್ನು ಕರೆಸಿ, ಅಧ್ಯಕ್ಷ ಜೆಫರ್ಸನ್ ಡೇವಿಸ್ ತಾನೇ ಬಂದು ನಿಂತು ಚದುರಿಸಬೇಕಾಯಿತು. ರಾಜಧಾನಿಯ ನಡುಮಧ್ಯೆ ಹಾಡುಹಗಲಲ್ಲಿ ನಡೆದ ಘಟನೆ ಇದು. ಮರುದಿನ 'ಡಿಸ್ಪ್ಯಾಚ್' ಏನು ಬರೆದಿರಬೇಕು ಹೇಳಿ? ಈ ವಿಷಯ ಒಂದು ಸಾಲೂ ಇಲ್ಲ! ಯುದ್ಧ ಇಲಾಖೆಯಿಂದ ಪತ್ರಿಕೆಗಳಿಗೆ 'ದಯಮಾಡಿ ಪ್ರಸ್ತಾಪಿಸಬೇಡಿ' ಎಂಬ ಕೋರಿಕೆ ಹೋಗಿತ್ತು, ತಂತಿ ಕಚೇರಿಗೂ ಹೋಗಿತ್ತು. 'ಡಿಸ್ಪ್ಯಾಚ್'ನ ಆ ದಿನದ ಮುಖ್ಯ ಸಂಪಾದಕೀಯದ ವಿಷಯ 'ಉತ್ತರದಲ್ಲಿ ಸಂಕಷ್ಟ'. ಇಂಥ ಧೈರ್ಯಕ್ಕೆ ಏನನ್ನಬೇಕೋ ನನಗೆ ತಿಳಿಯದು.

'ಎಕ್ಸಾಮಿನರ್' ಎಂಬ ಇನ್ನೊಂದು ಪತ್ರಿಕೆ ಸರ್ಕಾರದ ಮಾತು ಕೇಳಲಿಲ್ಲ. ಎರಡು ದಿನದ ನಂತರ ಸುದ್ದಿ ಹಾಕಿತು. ಆದರೆ ಹೇಗೆ? ಬೀದಿಗಿಳಿದವರು ಹಸಿದವರಲ್ಲ, ಸೂಳೆಯರು, ಕಳ್ಳರು, ಪರದೇಶದವರು ಎಂಬ ಬೈಗುಳದ ಜೊತೆ. ಹಾಗಾಗಿ ಒಬ್ಬರು ಸುದ್ದಿ ಮುಚ್ಚಿಟ್ಟರು, ಇನ್ನೊಬ್ಬರು ತೆರೆದು ಕೆಸರೆರಚಿದರು. ಬಿಡುಗಡೆಯಾಗಿ ಉತ್ತರಕ್ಕೆ ಹೋದ ಯುದ್ಧಕೈದಿಗಳು ಬಾಯಿಬಿಟ್ಟರು, ವಾರದೊಳಗೆ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಅದೇ ದೊಡ್ಡ ಸುದ್ದಿ. ಇತ್ತ ರಿಚ್ಮಂಡ್‌ನಲ್ಲಿ ಹಿಡಿದ ಹೆಂಗಸರನ್ನು ನ್ಯಾಯಾಲಯಕ್ಕೆ ತಂದಾಗ, ಊರಿನ ಪೊಲೀಸ್ ಕೋರ್ಟ್ ಅಂಕಣದಲ್ಲಿ, ಕುಡಿದು ಗಲಾಟೆ ಮಾಡಿದವರ ಹೆಸರಿನ ಪಕ್ಕದಲ್ಲಿ, ವಿಷಯ ತುಂಡು ತುಂಡಾಗಿ ಹೊರಬಿತ್ತು. ಯಾರು ಎಷ್ಟು ಬೇಕನ್ ಒಯ್ದರು, ಗಂಡ ಯಾವ ದಳದಲ್ಲಿದ್ದಾನೆ ಎಂಬ ವಿವರದ ಸಮೇತ. ಮುಂಪುಟದಲ್ಲಿ ಇಲ್ಲದ್ದು ಕೋರ್ಟ್ ಅಂಕಣದಲ್ಲಿ ಇತ್ತು. ಅದಕ್ಕೇ ನಾನು ಲಾಗ್ ಫೈಲ್ ಅಂದದ್ದು.

ಅದೇ ಬೇಸಿಗೆಯಲ್ಲಿ ಮಿಸಿಸಿಪ್ಪಿ ನದಿಯ ದಡದ ವಿಕ್ಸ್‌ಬರ್ಗ್ ಊರನ್ನು ಜನರಲ್ ಗ್ರಾಂಟ್ ಮುತ್ತಿದ. ಮೇ 18ರಿಂದ ಜುಲೈ 4ರವರೆಗೆ, 47 ದಿನ. ನದಿಯಿಂದ ದೋಣಿಗಳ ಫಿರಂಗಿ, ನೆಲದಿಂದ ಸೈನ್ಯದ ಫಿರಂಗಿ. ಊರಿನವರು ಹಳದಿ ಮಣ್ಣಿನ ಗುಡ್ಡಗಳಲ್ಲಿ ಗುಹೆ ತೋಡಿ, ಕುರ್ಚಿ, ಚಾಪೆ, ಕನ್ನಡಿಗಳ ಸಮೇತ ಅಲ್ಲಿ ಸಂಸಾರ ಹೂಡಿದರು. ಇಂಥ ಸ್ಥಿತಿಯಲ್ಲೂ ಜೆ. ಎಂ. ಸ್ವೋರ್ಡ್ಸ್ ಎಂಬ ಸಂಪಾದಕ 'ಡೈಲಿ ಸಿಟಿಜನ್' ಪತ್ರಿಕೆ ತರುತ್ತಿದ್ದ. ಜೂನ್‌ನಲ್ಲಿ ಕಾಗದ ಮುಗಿಯಿತು. ಆಗ ಅವನು ಕೈಹಾಕಿದ್ದು ಮನೆಯ ಗೋಡೆಗೆ ಅಂಟಿಸುವ ಅಲಂಕಾರದ ಕಾಗದಕ್ಕೆ. ಒಂದು ಬದಿಗೆ ಹೂಬಳ್ಳಿಯ ಚಿತ್ತಾರ, ಹಿಂಬದಿಗೆ ಸುದ್ದಿ. ಒಂದೇ ಹಾಳೆ, ನಾಲ್ಕು ಕಾಲಂ.

ಜುಲೈ 2ರ ಸಂಚಿಕೆ ಈಗ ಬಹಳ ಪ್ರಸಿದ್ಧ. ಅದರಲ್ಲಿ ಏನೇನಿದೆ ನೋಡಿ. ಒಬ್ಬ ಮೇಜರ್ ಹೇಸರಗತ್ತೆಯ ಮಾಂಸದ ತುಂಡೊಂದನ್ನು ಸಂಪಾದಕನಿಗೆ ಕಳಿಸಿದ್ದಾನೆ. ಸಂಪಾದಕ ಅದನ್ನು ತಿಂದು, ಸಿಹಿಯಾಗಿದೆ, ಮೆತ್ತಗಿದೆ, ಯಾರೂ ಹೇಸಬೇಕಾಗಿಲ್ಲ, ಕೊನೆಯ ಹೇಸರಗತ್ತೆ ಇರುವವರೆಗೂ ನಮ್ಮ ಸೈನಿಕರು ತೃಪ್ತರು ಎಂದು ಶಿಫಾರಸು ಬರೆದಿದ್ದಾನೆ. ಊರಿನಲ್ಲಿ ಯಾರೋ ಹಿಟ್ಟನ್ನು ಪೌಂಡಿಗೆ 5 ಡಾಲರಿನಂತೆ, ಕಾಕಂಬಿಯನ್ನು ಗ್ಯಾಲನ್ನಿಗೆ 10 ಡಾಲರಿನಂತೆ ಮಾರುತ್ತಿದ್ದಾರಂತೆ. ಸಾಬೀತಾಗಿಲ್ಲ, ಆದರೆ ನಿಜವಾದರೆ ಅವರ ಹಣೆಗೆ ಮಾತ್ರವಲ್ಲ ಮಿದುಳಿಗೇ ಬರೆ ಹಾಕಬೇಕು ಎಂದು ಕೆಂಡ ಕಾರಿದ್ದಾನೆ. ಒಬ್ಬ ಪತ್ರಕರ್ತನೂ ಒಬ್ಬ ಮುದ್ರಣದವನೂ ಸೇರಿ ಒಂದು ಮುದಿ ಬೆಕ್ಕನ್ನು ಮುಗಿಸಿ, ಮೊಲದ ಮಾಂಸ ಎಂದು ಹೇಳಿ ಗೆಳೆಯರಿಗೆ ಔತಣ ಕೊಟ್ಟ ಕಥೆ ಇದೆ. ಉಂಡವರು ಚೆನ್ನಾಗಿತ್ತು ಎಂದರಂತೆ, ಊರಿನ ಉಳಿದ ಬೆಕ್ಕುಗಳು ಎಚ್ಚರದಿಂದಿರಲಿ ಎಂಬ ಸೂಚನೆಯೂ ಇದೆ. ನಗು ಮುಗಿಯುವ ಮೊದಲೇ ಇನ್ನೊಂದು ಸುದ್ದಿ ಕಣ್ಣಿಗೆ ಬೀಳುತ್ತದೆ. ಸೋಮವಾರ ಜಾಕ್ಸನ್ ರಸ್ತೆಯಲ್ಲಿ ಒಬ್ಬ ಹೆಂಗಸು ಸ್ಥಳದಲ್ಲೇ ಸತ್ತಳು. ಅವಳ ಗಂಡ ಫಿರಂಗಿ ದಳದ ಸೈನಿಕ, ದೂರದ ವರ್ಜೀನಿಯಾದಲ್ಲಿದ್ದಾನೆ. ಇಷ್ಟೇ, ಮೂರು-ನಾಲ್ಕು ಸಾಲು. ಯುದ್ಧಕ್ಕೆ ಹೋದವನು ಬದುಕಿದ್ದಾನೆ, ಮನೆಯಲ್ಲಿದ್ದವಳು ಇಲ್ಲ.

ಕೊನೆಯ ಕಾಲಮ್ಮಿನಲ್ಲಿ ಗ್ರಾಂಟ್‌ಗೆ ಒಂದು ಚುಚ್ಚು. ಅವನು ಶನಿವಾರ, ಜುಲೈ 4ರಂದು, ವಿಕ್ಸ್‌ಬರ್ಗಿನಲ್ಲೇ ಊಟ ಮಾಡುತ್ತೇನೆ ಅನ್ನುತ್ತಿದ್ದಾನಂತೆ. ಮೊಲದ ಅಡಿಗೆ ಮಾಡಬೇಕಾದರೆ ಮೊದಲು ಮೊಲ ಹಿಡಿಯಬೇಕಪ್ಪ, ಎಂದು ಸ್ವೋರ್ಡ್ಸ್ ನಗಾಡಿದ. ಜುಲೈ 4ರಂದು ಊರು ಶರಣಾಯಿತು. ಒಳಗೆ ಬಂದ ಯೂನಿಯನ್ ಸೈನಿಕರಿಗೆ ಅಚ್ಚುಮನೆಯಲ್ಲಿ ಜುಲೈ 2ರ ಪುಟದ ಮೊಳೆಗಳು ಜೋಡಿಸಿದ ಹಾಗೇ ಸಿಕ್ಕವು. ಅವರು ಕೆಳಗೆ ಒಂದು ಟಿಪ್ಪಣಿ ಮಾತ್ರ ಸೇರಿಸಿ, ಉಳಿದ ಗೋಡೆಕಾಗದದ ಮೇಲೆ ಮತ್ತೆ ಅಚ್ಚುಹಾಕಿದರು. ಟಿಪ್ಪಣಿಯ ಸಾರ: ಎರಡು ದಿನದಲ್ಲಿ ಎಷ್ಟೊಂದು ಬದಲಾವಣೆ! ಗ್ರಾಂಟ್ ಮೊಲ ಹಿಡಿದಿದ್ದಾನೆ, ಊಟವನ್ನೂ ತಾನೇ ತಂದಿದ್ದಾನೆ. ಇನ್ನು ಹೇಸರಗತ್ತೆ, ಬೆಕ್ಕಿನ ಮಾಂಸದ ಹೊಗಳಿಕೆ ಬೇಕಾಗಿಲ್ಲ. ಗೋಡೆಕಾಗದದ ಕೊನೆಯ ಸಂಚಿಕೆ ಇದು, ಮುಂದೆ ಅಪರೂಪದ ವಸ್ತುವಾಗುತ್ತದೆ. ಆ ಕೊನೆಯ ಮಾತು ಎಷ್ಟು ನಿಜವಾಯಿತೆಂದರೆ, ನಂತರದ ದಶಕಗಳಲ್ಲಿ ಇದರ ನಕಲುಗಳನ್ನು ಮೂವತ್ತಕ್ಕೂ ಹೆಚ್ಚು ಸಲ ಅಚ್ಚುಹಾಕಿದರು. ಅಸಲಿ ಯಾವುದು ಎಂದು ಗುರುತಿಸುವುದಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್ ಒಂದು ಮಾಹಿತಿಪತ್ರವನ್ನೇ ಹೊರಡಿಸಬೇಕಾಯಿತು. ಯಾರದಾದರೂ ಗರಾಜ್ ಸೇಲಿನಲ್ಲಿ ಸಿಕ್ಕರೆ ಕುಣಿದಾಡುವ ಮೊದಲು ಅದನ್ನು ಓದಿ.

ಊರು ಬಿಟ್ಟು ಓಡಿದ ಪತ್ರಿಕೆಯೂ ಒಂದಿದೆ. 'ಮೆಂಫಿಸ್ ಅಪೀಲ್' 1862ರ ಜೂನ್‌ನಲ್ಲಿ ಮೆಂಫಿಸ್ ಬೀಳುವ ಹೊತ್ತಿಗೆ ಅಚ್ಚುಯಂತ್ರವನ್ನು ರೈಲಿಗೇರಿಸಿ ಹೊರಟಿತು. ಗ್ರೆನಾಡಾ, ಜಾಕ್ಸನ್, ಮೆರಿಡಿಯನ್, ಅಟ್ಲಾಂಟಾ, ಮಾಂಟ್ಗೊಮೆರಿ, ಹೀಗೆ ಊರೂರು ಅಲೆದು 1865ರ ಏಪ್ರಿಲ್‌ನಲ್ಲಿ ಜಾರ್ಜಿಯಾದ ಕೊಲಂಬಸ್‌ನಲ್ಲಿ ಸಿಕ್ಕಿಬಿತ್ತು. ಹೆಸರಿನಲ್ಲಿ ಮೆಂಫಿಸ್ ಹಾಗೇ ಇತ್ತು. ಊರಿಂದ ದೂರ ಇದ್ದು ಊರ ಹೆಸರಿನಲ್ಲಿ ಪತ್ರಿಕೆ ತರುವುದು ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕೇ!

ಈ ಎಲ್ಲ ಪತ್ರಿಕೆಗಳಲ್ಲೂ ಜನ ಮೊದಲು ಹುಡುಕುತ್ತಿದ್ದದ್ದು ಸತ್ತವರ, ಗಾಯಗೊಂಡವರ ಪಟ್ಟಿ. ಸೈನಿಕರ ಕತ್ತಿನಲ್ಲಿ ಗುರುತಿನ ಬಿಲ್ಲೆ ಇರುತ್ತಿರಲಿಲ್ಲ, ಮನೆಗೆ ಅಧಿಕೃತವಾಗಿ ತಿಳಿಸುವ ವ್ಯವಸ್ಥೆಯೂ ಇರಲಿಲ್ಲ. ಜೊತೆಗಾರನ ಕಾಗದ ಬರಬೇಕು, ಇಲ್ಲವೇ ಪತ್ರಿಕೆಯಲ್ಲಿ ಹೆಸರು ಬರಬೇಕು. ದೊಡ್ಡ ಕದನದ ನಂತರ ಪತ್ರಿಕಾ ಕಚೇರಿಯ ಮುಂದೆ ಜನ ಜಮಾಯಿಸುತ್ತಿದ್ದರು. ಅವಸರದ ಪಟ್ಟಿಯಲ್ಲಿ ಹೆಸರುಗಳು ತಪ್ಪುತ್ತಿದ್ದವು. ಸತ್ತನೆಂದು ಅಚ್ಚಾದವನು ಬದುಕಿರುತ್ತಿದ್ದ, ಸ್ವಲ್ಪ ಗಾಯ ಎಂದಿದ್ದವನು ಸತ್ತಿರುತ್ತಿದ್ದ.

ಇನ್ನು ನಮ್ಮ ಚೇಂಬರ್ಸ್‌ಬರ್ಗ್. 1863ರ ಜೂನ್‌ನಲ್ಲಿ ಜನರಲ್ ಲೀಯ ಸೈನ್ಯ ಗೆಟಿಸ್ಬರ್ಗಿಗೆ ಹೋದದ್ದು ಈ ಊರಿನ ಮೂಲಕವೇ. ಬಲವಂತದಿಂದ ಅಂಗಡಿ ತೆರೆಸಿ, ಸಾಮಾನು ಕಟ್ಟಿಸಿಕೊಂಡು, ದಕ್ಷಿಣದ ನೋಟು ಕೊಟ್ಟರು. ಪೆನ್ಸಿಲ್ವೇನಿಯಾದಲ್ಲಿ ಅದಕ್ಕೆ ಕಾಗದದ ಬೆಲೆಯೂ ಇಲ್ಲ. ಇದಕ್ಕಿಂತ ಘೋರವಾದದ್ದು ಇನ್ನೊಂದು. ಆ ಸೈನಿಕರು ಊರಿನಲ್ಲಿ, ಹೊಲಗಳಲ್ಲಿ ಕರಿಯರನ್ನು ಹುಡುಕಿ ಹಿಡಿದರು. ಹೆಂಗಸರು, ಮಕ್ಕಳು, ಅಲ್ಲೇ ಸ್ವತಂತ್ರರಾಗಿ ಹುಟ್ಟಿ ಬೆಳೆದವರು ಎಂಬ ಭೇದವಿಲ್ಲದೆ ದಕ್ಷಿಣಕ್ಕೆ ಅಟ್ಟಿಕೊಂಡು ಹೋದರು. ಊರಿನವರ ದಿನಚರಿಗಳಲ್ಲಿ ಇದರ ವಿವರ ಇದೆ, ಓದಲಿಕ್ಕೆ ಕಷ್ಟವಾಗುತ್ತದೆ.

ಮರುವರ್ಷ, 1864ರ ಜುಲೈ 30ರ ಬೆಳಿಗ್ಗೆ, ಮತ್ತೆ ಬಂದರು. ವರ್ಜೀನಿಯಾದಲ್ಲಿ ಯೂನಿಯನ್ ಸೈನ್ಯ ಮನೆಗಳನ್ನು ಸುಟ್ಟದ್ದಕ್ಕೆ ಪ್ರತೀಕಾರವೆಂದು ಜನರಲ್ ಅರ್ಲಿಯ ಅಪ್ಪಣೆ. 1,00,000 ಡಾಲರ್ ಚಿನ್ನ ಕೊಡಿ, ಇಲ್ಲವೇ 5,00,000 ಡಾಲರ್ ನೋಟು ಕೊಡಿ, ಇಲ್ಲದಿದ್ದರೆ ಬೆಂಕಿ. ಊರಿನ ಬ್ಯಾಂಕಿನ ಹಣವನ್ನು ಆಗಲೇ ಬೇರೆಡೆಗೆ ಸಾಗಿಸಿಯಾಗಿತ್ತು. ಐನೂರಕ್ಕೂ ಹೆಚ್ಚು ಕಟ್ಟಡ ಸುಟ್ಟುಹೋದವು, ಎರಡು ಸಾವಿರಕ್ಕೂ ಮೀರಿ ಜನ ಬೀದಿಪಾಲಾದರು. 'ರೆಪಾಸಿಟರಿ'ಯ ಸಂಪಾದಕ ಅಲೆಗ್ಸಾಂಡರ್ ಮಕ್ಲೂರನ ಮನೆ ಊರಿನ ಹೊರಗಿತ್ತು. ಅಲ್ಲಿಗೂ ಹುಡುಕಿಕೊಂಡು ಹೋಗಿ ಬೆಂಕಿ ಇಟ್ಟರು. ಕೆಲವು ವಾರ ಪತ್ರಿಕೆಯೇ ಇಲ್ಲ. ಆಗಸ್ಟ್ ಕೊನೆಯ ಹೊತ್ತಿಗೆ ಮತ್ತೆ ಹೊರಬಂದಾಗ ಅದರಲ್ಲಿ ಬೆಂಕಿಯ ದಿನದ ಸುದೀರ್ಘ ವರದಿ. ತಮಾಷೆಯೆಂದರೆ, ಅಷ್ಟಾದ ಮೇಲೂ 'ರೆಪಾಸಿಟರಿ' ಮತ್ತು 'ವ್ಯಾಲಿ ಸ್ಪಿರಿಟ್' ಜಗಳ ನಿಲ್ಲಲಿಲ್ಲ. ನವೆಂಬರ್‌ನಲ್ಲಿ ಚುನಾವಣೆ ಇತ್ತಲ್ಲ!

ನಾನು ಹೇಳದೆ ಬಿಟ್ಟ ಒಂದು ಬಗೆಯ ಜಾಹೀರಾತಿದೆ. ಅದಿಲ್ಲದೆ ದಕ್ಷಿಣದ ಪತ್ರಿಕೆಗಳ ಮಾತು ಪೂರ್ತಿಯಾಗುವುದಿಲ್ಲ. ಗುಲಾಮ ಓಡಿಹೋಗಿದ್ದಾನೆ, ಹಿಡಿದುಕೊಟ್ಟವರಿಗೆ ಇನಾಮು. ರಿಚ್ಮಂಡ್‌ನ ಪತ್ರಿಕೆಗಳಲ್ಲಿ ಯುದ್ಧದ ಕೊನೆಯ ತಿಂಗಳುಗಳವರೆಗೂ ಇವು ಬರುತ್ತಲೇ ಇದ್ದವು. ಸಂಪಾದಕೀಯಗಳ ಪ್ರಕಾರ ಗುಲಾಮರು ಸುಖಿಗಳು, ಒಡೆಯನಿಗೆ ನಿಷ್ಠರು. ಅದೇ ಪುಟದ ಜಾಹೀರಾತುಗಳ ಪ್ರಕಾರ ಅವರು ಓಡಿಹೋಗುತ್ತಿದ್ದಾರೆ, ಯೂನಿಯನ್ ಸೈನ್ಯದ ಕಡೆಗೆ ಹೋಗಿರಬಹುದು ಎಂದು ಒಡೆಯನೇ ಶಂಕಿಸುತ್ತಿದ್ದಾನೆ. ಪತ್ರಿಕೆಯ ಬೇರೆಲ್ಲೂ ಹೆಸರಿಲ್ಲದ ಆ ಮನುಷ್ಯರಿಗೆ ಇಲ್ಲಿ ಮಾತ್ರ ಹೆಸರಿದೆ, ವಯಸ್ಸಿದೆ, ಎತ್ತರವಿದೆ, ತೊಟ್ಟ ಬಟ್ಟೆಯ ಬಣ್ಣವಿದೆ, ಮೈಮೇಲಿನ ಗಾಯದ ಗುರುತಿದೆ. ಗಾಯ ಹೇಗಾಯಿತು ಎಂದು ಒಡೆಯ ಹೇಳುವುದಿಲ್ಲ. ಎಲ್ಲಿಗೆ ಹೋಗಿರಬಹುದು ಎಂಬ ಊಹೆಯಲ್ಲಿ ಮಾತ್ರ ಕೆಲವೊಮ್ಮೆ ಬಾಯಿಬಿಡುತ್ತಾನೆ: ಇವಳ ಗಂಡ ಇಂಥ ಊರಿನಲ್ಲಿದ್ದಾನೆ, ಇವನ ತಾಯಿಯನ್ನು ಇಂಥ ಕಡೆ ಮಾರಲಾಗಿತ್ತು.

ಯುದ್ಧ ಮುಗಿದ ವರ್ಷದಿಂದಲೇ ಈ ಜಾಹೀರಾತು ತಲೆಕೆಳಗಾಯಿತು. ಈಗ ಹಣ ಕೊಟ್ಟು ಅಚ್ಚುಹಾಕಿಸುವವರು ಬಿಡುಗಡೆಯಾದವರೇ. ನ್ಯಾಶ್ವಿಲ್‌ನ 'ಕಲರ್ಡ್ ಟೆನ್ನೆಸ್ಸಿಯನ್' 1865ರಲ್ಲೇ ಇಂಥವನ್ನು ಹಾಕಿತು, ಫಿಲಡೆಲ್ಫಿಯಾದ 'ಕ್ರಿಶ್ಚಿಯನ್ ರೆಕಾರ್ಡರ್' ವರ್ಷಗಟ್ಟಲೆ ಹಾಕಿತು. ತಾಯಿ ಮಕ್ಕಳನ್ನು ಹುಡುಕುತ್ತಾಳೆ, ಅಣ್ಣ ತಂಗಿಯನ್ನು ಹುಡುಕುತ್ತಾನೆ. ಯಾರ ಮನೆಯಲ್ಲಿ ಇದ್ದೆವು, ಯಾರು ಯಾರಿಗೆ ಮಾರಿದರು, ಕೊನೆಗೆ ನೋಡಿದ್ದು ಯಾವಾಗ. ಒಡೆಯರು ಬರೆದುಕೊಂಡ ವಿವರಗಳೇ ಹೆಚ್ಚುಕಡಿಮೆ, ಬರೆದವರು ಬೇರೆ.

ನ್ಯೂ ಆರ್ಲಿಯನ್ಸ್‌ನ 'ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್' ಪತ್ರಿಕೆಯ 'ಕಳೆದುಹೋದ ಗೆಳೆಯರು' ಎಂಬ ಅಂಕಣ 1879ರಲ್ಲೂ ಬರುತ್ತಿತ್ತು, 1900ರಲ್ಲೂ ಬರುತ್ತಿತ್ತು. ಅಂದರೆ ಯುದ್ಧ ಮುಗಿದು 35 ವರ್ಷ. ಹುಡುಕುವ ಮಗನಿಗೇ ತಲೆ ನರೆತಿರಬೇಕು. ಪತ್ರಿಕೆ ಸುಮಾರು 500 ಪಾದ್ರಿಗಳಿಗೆ, 4,000ಕ್ಕೂ ಹೆಚ್ಚು ಚಂದಾದಾರರಿಗೆ ಹೋಗುತ್ತಿತ್ತು. ಓದು ಬಾರದವರೂ ಕೇಳಿಸಿಕೊಳ್ಳಲಿ ಎಂದು ಆ ಕಾಗದಗಳನ್ನು ಚರ್ಚಿನ ವೇದಿಕೆಯಿಂದ ಗಟ್ಟಿಯಾಗಿ ಓದಿ ಹೇಳಬೇಕೆಂದು ಅಂಕಣದ ತಲೆಯಲ್ಲಿ ಪಾದ್ರಿಗಳಿಗೆ ವಿನಂತಿ ಇರುತ್ತಿತ್ತು. ಅದರ ಜೊತೆಗೆ ದರವೂ: ಚಂದಾದಾರರಿಗೆ ಪುಕ್ಕಟೆ, ಉಳಿದವರಿಗೆ 50 ಸೆಂಟ್. ಹೊಲದ ಕೂಲಿಯವನಿಗೆ ಅದು ಸಣ್ಣ ಮೊತ್ತವಲ್ಲ.